ಡೇರಿ ಸಂಘದೊಳಗಿನ ಕಾಣದ ಗುಂಪು: ಹೊಸ ನಿರ್ದೇಶಕರು ಏನು ಮಾಡಬೇಕು?

ಹಾಲು ಉತ್ಪಾದಕರ ಸಂಘಕ್ಕೆ ಹೊಸದಾಗಿ ನಿರ್ದೇಶಕರಾದವರು ಎರಡು ಮೂರು ಸಭೆ ಮುಗಿದ ಮೇಲೆ ಕೇಳುವ ಪ್ರಶ್ನೆ ಬಹುಪಾಲು ಒಂದೇ. "ಸಭೆಗೆ ಹೋಗೋ ಅಷ್ಟೊತ್ತಿಗೆ ಎಲ್ಲಾ ತೀರ್ಮಾನ ಆಗೋಗಿರುತ್ತೆ. ನಮ್ಮನ್ನ ಕರೆಯೋದು ಸೈನಿಗೆ ಮಾತ್ರ. ಇದನ್ನ ಹೆಂಗೆ ಸರಿ ಮಾಡೋದು?" ಚನ್ನರಾಯಪಟ್ಟಣದ ಕಡೆಯವರೂ ಕೇಳುತ್ತಾರೆ, ಕಡೂರು ಬೀರೂರಿನವರೂ ಕೇಳುತ್ತಾರೆ. ಹಾಸನ, ಚಿಕ್ಕಮಗಳೂರು, ಕೊಡಗು ಮೂರೂ ಜಿಲ್ಲೆ ಒಂದೇ ಹಾಲು ಒಕ್ಕೂಟಕ್ಕೆ ಸೇರಿರುವುದರಿಂದ ಸಂಘಗಳ ಕಟ್ಟುಪಾಡು ಹೆಚ್ಚುಕಡಿಮೆ ಒಂದೇ ತರಹ. ಹಾಗಾಗಿ ಎಲ್ಲರಿಗೂ ಸೇರಿಸಿ ಒಂದೇ ಕಡೆ ಬರೆಯುತ್ತಿದ್ದೇವೆ.

ಮೊದಲೇ ಒಂದು ಮಾತು. ಗುಂಪನ್ನು ಒಡೆಯಲು ಹೋಗಬೇಡಿ. ಒಡೆದರೆ ಎರಡು ಗುಂಪಾಗುತ್ತದೆ, ಅಷ್ಟೇ. ಗುಂಪಿನ ಒಳಗೇ ಉಳಿದುಕೊಂಡಿರುವ ಮಾಹಿತಿಯನ್ನೂ ಸವಲತ್ತಿನ ಸರದಿಯನ್ನೂ ಎಲ್ಲರ ಕಣ್ಣಿಗೆ ಬೀಳುವ ಜಾಗಕ್ಕೆ ತನ್ನಿ. ಕೆಳಗಿನ ಎಲ್ಲ ಹಂತಗಳೂ ಇದೊಂದು ಕೆಲಸಕ್ಕಾಗಿ.

ಇಲ್ಲಿ ಕಾಣದ ಗುಂಪು ಎಂದರೆ ಬೈಲಾದಲ್ಲಿ ಹೆಸರಿಲ್ಲದ, ಆದರೂ ತೀರ್ಮಾನವನ್ನು ಮೊದಲೇ ಮಾಡಿಕೊಂಡು ಸಭೆಗೆ ಬರುವ ನಾಲ್ಕೈದು ಜನ. ಸಂಘಟನೆಗಳನ್ನು ಅಭ್ಯಾಸ ಮಾಡುವವರು ಇದನ್ನು ಅನೌಪಚಾರಿಕ ಗುಂಪು ಎನ್ನುತ್ತಾರೆ. ಅಧ್ಯಕ್ಷರು ಅದರೊಳಗೆ ಇರಲೇಬೇಕೆಂದಿಲ್ಲ. ಕಾರ್ಯದರ್ಶಿ (ಈಗ ಕಾಗದದಲ್ಲಿ ಮುಖ್ಯ ಕಾರ್ಯನಿರ್ವಾಹಕ), ಒಬ್ಬ ಮಾಜಿ ಅಧ್ಯಕ್ಷ, ಹೆಚ್ಚು ಹಾಲು ಹಾಕುವ ಒಂದೆರಡು ಮನೆಯವರು, ಯಾವ ಹುದ್ದೆಯೂ ಇಲ್ಲದ ಒಬ್ಬ ಯಜಮಾನರು: ಸಾಮಾನ್ಯವಾಗಿ ಇಂಥ ಕೂಟ. "ಅಣ್ಣಂಗೆ ಒಂದು ಮಾತು ಕೇಳಿಬಿಡಿ" ಎಂದು ಎಲ್ಲರೂ ಯಾರನ್ನು ತೋರಿಸುತ್ತಾರೋ ಅವರ ಹೆಸರು ಆಡಳಿತ ಮಂಡಳಿಯ ಬೋರ್ಡಿನ ಮೇಲೆ ಇಲ್ಲದಿರಬಹುದು.

ಬೇಕಾಗುವ ಸಾಮಾನು

ನಿಮ್ಮ ಸಂಘದ ನೋಂದಾಯಿತ ಬೈಲಾ (ಸಂಘದ ಒಳನಿಯಮಗಳ ಪುಸ್ತಕ), ಕಳೆದ ಮೂರು ವರ್ಷದ ಲೆಕ್ಕಪರಿಶೋಧನಾ ವರದಿ, ಆಡಳಿತ ಮಂಡಳಿಯ ನಡವಳಿ ಪುಸ್ತಕ (ಸಭೆಯಲ್ಲಿ ನಡೆದದ್ದನ್ನು ಬರೆದಿಡುವ ಪುಸ್ತಕ) ನೋಡಲು ಅವಕಾಶ, ಸದಸ್ಯರ ಪಟ್ಟಿ, ನೂರು ಪುಟದ ಒಂದು ನೋಟ್‌ಬುಕ್ಕು. ಎರಡು ತಿಂಗಳ ತಾಳ್ಮೆಯೂ ಬೇಕು. ಮೊದಲ ಸಭೆಯಲ್ಲೇ ಎದ್ದು ಕೂಗಾಡಿದವರಿಗೆ ಐದು ವರ್ಷವೂ ಕೂಗಾಡುವುದೇ ಕೆಲಸವಾಗುತ್ತದೆ.

1. ಕಾಗದದ ಮೇಲಿನ ಸಂಘವನ್ನು ಮೊದಲು ಓದಿ

ಸಂಘ ನಡೆಯುವುದು ಕರ್ನಾಟಕ ಸಹಕಾರ ಸಂಘಗಳ ಅಧಿನಿಯಮ 1959 ಮತ್ತು ನಿಮ್ಮ ಬೈಲಾದ ಮೇಲೆ. ಬೈಲಾದಲ್ಲಿ ಐದು ವಿಷಯ ಹುಡುಕಿ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಳ್ಳಿ: ಸಭೆಗೆ ಎಷ್ಟು ದಿನ ಮುಂಚೆ ತಿಳುವಳಿಕೆ ಪತ್ರ ಕೊಡಬೇಕು, ಕೋರಂ, ಅಂದರೆ ಸಭೆ ನಡೆಸಲು ಕನಿಷ್ಠ ಎಷ್ಟು ಜನ ಇರಬೇಕು, ಕೈಯಲ್ಲಿ ಎಷ್ಟು ನಗದು ಇಟ್ಟುಕೊಳ್ಳಬಹುದು, ಮಂಡಳಿಯನ್ನು ಕೇಳದೆ ಕಾರ್ಯದರ್ಶಿ ಎಷ್ಟರವರೆಗೆ ಖರ್ಚು ಮಾಡಬಹುದು, ಚೆಕ್ಕಿಗೆ ಯಾರ್ಯಾರ ಸಹಿ ಬೇಕು. ಪಕ್ಕದೂರಿನ ಬೈಲಾ ನೋಡಿ ನಮ್ಮದೂ ಹೀಗೇ ಅಂದುಕೊಳ್ಳಬೇಡಿ, ತಿದ್ದುಪಡಿಗಳು ಬೇರೆ ಬೇರೆ ಇರುತ್ತವೆ.

ಇಲ್ಲಿ ಜನ ಎಡವುವುದು ಎಲ್ಲ ದಾಖಲೆಯನ್ನೂ ಒಂದೇ ದಿನ ಕೇಳುವುದರಲ್ಲಿ. ಕೇಳಿದ ಸಂಜೆಯೇ "ಹೊಸಬರು ಆಡಿಟ್ಟಿಗೆ ಬಂದವ್ರೆ" ಎಂಬ ಸುದ್ದಿ ಊರು ಸುತ್ತುತ್ತದೆ. ಮೊದಲ ವಾರ ಬೈಲಾ ಮಾತ್ರ ಕೇಳಿ. ಹೊಸ ನಿರ್ದೇಶಕರು ಅದನ್ನು ಓದಬೇಕಾದ್ದು ಸಹಜ, ಯಾರೂ ಬೇಡ ಅನ್ನಲಾರರು. ವರದಿಗಳನ್ನು ಎರಡನೇ ಸಭೆಯಾದ ಮೇಲೆ ಕೇಳಿ.

2. ಹಾಲು ಹಾಕುವ ಹೊತ್ತನ್ನು ಗಮನಿಸಿ

ಸಂಘದ ನಿಜವಾದ ಮೇಲು ಕೀಳು ಸಭೆಯಲ್ಲಿ ಕಾಣುವುದಿಲ್ಲ, ಬೆಳಗ್ಗೆ ಹಾಲು ಅಳೆಯುವ ಹೊತ್ತಿನಲ್ಲಿ ಕಾಣುತ್ತದೆ. ಎರಡು ವಾರ ನಿಮ್ಮ ಮನೆಯ ಹಾಲನ್ನು ನೀವೇ ತೆಗೆದುಕೊಂಡು ಹೋಗಿ. ಸ್ವಲ್ಪ ಬೇಗ ಹೋಗಿ ಸ್ವಲ್ಪ ತಡವಾಗಿ ಹೊರಡಿ. ಅಲ್ಲಿ ಏನನ್ನೂ ಬರೆದುಕೊಳ್ಳಬೇಡಿ. ಮನೆಗೆ ಬಂದು ಬರೆಯಿರಿ.

ನೋಡಬೇಕಾದ್ದು ಇಷ್ಟು. ಕ್ಯಾನು ಸಾಲಿನಲ್ಲಿ ಇಟ್ಟೂ ಯಾರದು ಮುಂದೆ ಹೋಗುತ್ತದೆ. ಮೇಜಿನ ಆಚೆ ಬದಿಗೆ, ಕಂಪ್ಯೂಟರಿನ ಹತ್ತಿರಕ್ಕೆ, ಕೇಳದೆ ಹೋಗಿ ನಿಲ್ಲುವವರು ಯಾರು. ಚೀಟಿ ಬಂತೋ ಇಲ್ಲವೋ ಎಂದು ನೋಡದೆ ಹೊರಡುವವರು ಯಾರು, ಚೀಟಿಯನ್ನು ಎರಡು ಸಲ ಓದಿ ಏನೂ ಹೇಳದೆ ಹೊರಡುವವರು ಯಾರು. ಈ ಎರಡನೆಯವರನ್ನು ಮರೆಯಬೇಡಿ, ಮುಂದೆ ಬೇಕಾಗುತ್ತಾರೆ. ಹಿಂಡಿ ಮೂಟೆ ಸಾಲದಲ್ಲಿ ಯಾರಿಗೆ ಹೋಗುತ್ತದೆ, ಯಾರಿಗೆ "ಬಟವಾಡೆ ಆಗ್ಲಿ ತಡಿಯಪ್ಪ" ಎಂಬ ಉತ್ತರ ಬರುತ್ತದೆ. ನೀವು ಹೋದ ಕೂಡಲೇ ಯಾವ ಮಾತು ನಿಲ್ಲುತ್ತದೆ.

ಗುಣಮಟ್ಟದ ವಿಷಯಕ್ಕೆ ಬಂದರೆ ಆತುರಪಡಬೇಡಿ. ಆಕಳ ಹಾಲಿಗೆ ಸಾಮಾನ್ಯವಾಗಿ ಹಿಡಿಯುವ ಅಳತೆ ಶೇ 3.5 ಫ್ಯಾಟ್ (ಜಿಡ್ಡು), ಶೇ 8.5 ಎಸ್‌ಎನ್‌ಎಫ್ (ಜಿಡ್ಡು ಬಿಟ್ಟು ಉಳಿದ ಗಟ್ಟಿ ಅಂಶ). ಮೇವು, ಹಸು ಕರು ಹಾಕಿ ಎಷ್ಟು ದಿನವಾಯಿತು, ಬೆಳಗಿನ ಹಾಲೋ ಸಂಜೆಯದೋ ಎಂಬುದರ ಮೇಲೆ ದಿನದಿಂದ ದಿನಕ್ಕೆ ಇದು ಏರಿಳಿಯುತ್ತದೆ. ಕರೆದ ಬಿಸಿಯಲ್ಲೇ ಲ್ಯಾಕ್ಟೋಮೀಟರ್ (ಹಾಲಿನ ಸಾಂದ್ರತೆ ಅಳೆಯುವ ಕಡ್ಡಿ) ಬಿಟ್ಟರೆ ಡಿಗ್ರಿ ಕಡಿಮೆ ತೋರಿಸುತ್ತದೆ. ಒಂದು ದಿನದ ಚೀಟಿ ಹಿಡಿದು "ನಂಗೆ ಮೋಸ" ಎಂದು ಗಲಾಟೆ ತೆಗೆದರೆ ನಿಮ್ಮ ಮಾತಿಗೆ ಅಲ್ಲಿಗೇ ಬೆಲೆ ಹೋಗುತ್ತದೆ. ನಿರ್ದೇಶಕರಾಗಿ ಕೇಳಬೇಕಾದ ಲೆಕ್ಕ ಬೇರೆಯೇ ಇದೆ: ಒಂದು ಬಟವಾಡೆ ಅವಧಿಯಲ್ಲಿ ಸಂಘ ಉತ್ಪಾದಕರಿಂದ ತೆಗೆದುಕೊಂಡ ಒಟ್ಟು ಲೀಟರು ಮತ್ತು ಸರಾಸರಿ ಫ್ಯಾಟ್, ಅದೇ ಅವಧಿಯಲ್ಲಿ ಒಕ್ಕೂಟ ಸಂಘದಿಂದ ಬಂತೆಂದು ಒಪ್ಪಿಕೊಂಡ ಲೀಟರು ಮತ್ತು ಫ್ಯಾಟ್, ನಡುವೆ ಸ್ಥಳೀಯ ಮಾರಾಟಕ್ಕೆ ಮತ್ತು ಸ್ಯಾಂಪಲ್ಲಿಗೆ ಹೋದದ್ದು. ಈ ಮೂರು ಅಂಕಿ ಒಂದಕ್ಕೊಂದು ತಾಳೆಯಾಗಿ ಕೂರಬೇಕು. ಕೂರದಿದ್ದರೆ ಯಾರ ಹೆಸರನ್ನೂ ಎತ್ತದೆ "ಈ ವ್ಯತ್ಯಾಸ ಎಲ್ಲಿಂದ ಬಂತು ಅಂತ ಒಂಚೂರು ಹೇಳಿ" ಎನ್ನಿ. ಅಂಕಿಯನ್ನು ಕೇಳಿದರೆ ಉತ್ತರ ಕೊಡಲೇಬೇಕಾಗುತ್ತದೆ. ಮನುಷ್ಯನನ್ನು ದೂರಿದರೆ ಅವನ ಕಡೆಯವರೆಲ್ಲ ಎದ್ದು ನಿಲ್ಲುತ್ತಾರೆ.

3. ಮೂರು ಪ್ರಶ್ನೆ ಕೇಳಿ ನಕ್ಷೆ ಬರೆಯಿರಿ

ಗುಂಪಿನೊಳಗೆ ಯಾರು ಯಾರಿಗೆ ಹತ್ತಿರ ಎಂದು ಚುಕ್ಕೆ ಮತ್ತು ಗೆರೆಗಳಲ್ಲಿ ಬರೆದು ತೋರಿಸುವ ಪದ್ಧತಿಯನ್ನು 1930ರ ದಶಕದಲ್ಲಿ ಅಮೆರಿಕದಲ್ಲಿ ಜೇಕಬ್ ಮೊರೆನೊ ಎಂಬ ಮನೋವೈದ್ಯರು ಬಳಕೆಗೆ ತಂದರು. ಅದಕ್ಕೆ ಸೋಷಿಯೋಗ್ರಾಮ್ ಎಂದು ಹೆಸರು; ನಂಟಿನ ನಕ್ಷೆ ಅಂದುಕೊಳ್ಳಿ. ನಮ್ಮ ಸಂಘಕ್ಕೆ ಇದು ಚೆನ್ನಾಗಿ ಒಗ್ಗುತ್ತದೆ.

ಇಪ್ಪತ್ತರಿಂದ ಇಪ್ಪತ್ತೈದು ಮನೆ ಆರಿಸಿಕೊಳ್ಳಿ. ಊರೊಳಗಿನವು, ಕಾಲೋನಿಯವು, ತೋಟದ ಮನೆಗಳು, ಒಂದೇ ಹಸು ಕಟ್ಟಿಕೊಂಡ ಮನೆ, ಹತ್ತು ಹಸುವಿನ ಮನೆ ಎಲ್ಲ ಬರಬೇಕು. ಮಾತಿನ ಮಧ್ಯೆ ಮೂರು ಪ್ರಶ್ನೆ ಸೇರಿಸಿ:

"ಹಸುಗೆ ಕೆಚ್ಚಲು ಬಾವು ಬಂದ್ರೆ ಮೊದಲು ಯಾರಿಗೆ ಫೋನ್ ಮಾಡ್ತೀರಿ?" ಇದರಿಂದ ಸಲಹೆಯ ನಂಟು ತಿಳಿಯುತ್ತದೆ.

"ಸಂಘದಲ್ಲಿ ಏನೇನ್ ಸವಲತ್ತು ಬಂದದೆ ಅಂತ ನಿಮಗೆ ಗೊತ್ತಾಗೋದು ಯಾರಿಂದ?" ಇದು ಸುದ್ದಿಯ ನಂಟು.

"ಬಟವಾಡೇಲಿ ದುಡ್ಡು ಕಡಿಮೆ ಬಂದ್ರೆ ಯಾರ ಹತ್ರ ಧೈರ್ಯವಾಗಿ ಹೇಳ್ತೀರಿ?" ಇದು ನಂಬಿಕೆಯ ನಂಟು.

"ಸಂಘದಲ್ಲಿ ಯಾರ ಮಾತು ನಡೆಯುತ್ತೆ?" ಎಂದು ನೇರ ಕೇಳಬೇಡಿ. ಆ ಪ್ರಶ್ನೆಗೆ ನಿಜವಾದ ಉತ್ತರ ಯಾರೂ ಕೊಡುವುದಿಲ್ಲ, ಪ್ರಶ್ನೆ ಮಾತ್ರ ಸಂಜೆಯೊಳಗೆ ಆ ಮನುಷ್ಯನ ಕಿವಿಗೆ ಬಿದ್ದಿರುತ್ತದೆ. ಹೋಟೆಲಿನಲ್ಲೂ ಅರಳಿಕಟ್ಟೆಯಲ್ಲೂ ಕೇಳಬೇಡಿ, ಕೊಟ್ಟಿಗೆಯ ಹತ್ತಿರ ಕೇಳಿ. ಹೆಂಗಸರನ್ನು ತಪ್ಪದೆ ಕೇಳಿ. ಹಾಲು ಕರೆಯುವುದೂ ಡೇರಿಗೆ ಹೊತ್ತು ತರುವುದೂ ಬಹಳ ಮನೆಗಳಲ್ಲಿ ಅವರೇ, ಅವರ ಉತ್ತರ ಗಂಡಸರ ಉತ್ತರಕ್ಕಿಂತ ಬೇರೆಯಾಗಿರುತ್ತದೆ.

ಮನೆಗೆ ಬಂದು ಪ್ರತಿ ಪ್ರಶ್ನೆಗೆ ಒಂದು ಹಾಳೆಯಲ್ಲಿ ಮನೆಗೊಂದು ಚುಕ್ಕೆ ಇಡಿ. ಹೇಳಿದವರಿಂದ ಅವರು ಹೆಸರಿಸಿದವರ ಕಡೆಗೆ ಬಾಣ ಎಳೆಯಿರಿ. ಪೂರ್ತಿ ಹೆಸರು ಬೇಡ, ನಿಮಗೆ ಮಾತ್ರ ಗೊತ್ತಾಗುವ ಗುರುತು ಸಾಕು. ಈ ಹಾಳೆ ಬೇರೆಯವರ ಕೈಗೆ ಸಿಕ್ಕರೆ ನಿಮಗಿಂತ ಹೆಚ್ಚಾಗಿ ಉತ್ತರ ಕೊಟ್ಟವರಿಗೆ ತೊಂದರೆ. ಫೋಟೋ ತೆಗೆಯಬೇಡಿ, ವಾಟ್ಸಾಪಿನಲ್ಲಿ ಯಾರಿಗೂ ಕಳಿಸಬೇಡಿ.

ಈಗ ಓದಿ. ಉದಾಹರಣೆಗೆ ಇಪ್ಪತ್ತೆರಡು ಮನೆಯಲ್ಲಿ ಹದಿನೈದು ಮನೆಯವರು ಸುದ್ದಿಗೆ ಕಾರ್ಯದರ್ಶಿಯನ್ನು ಹೆಸರಿಸಿ, ನಂಬಿಕೆಗೆ ಮೂರೇ ಮನೆಯವರು ಅವರನ್ನು ಹೆಸರಿಸಿದರೆ, ಆ ಸಂಘದಲ್ಲಿ ಮಾಹಿತಿಯ ಬಾಗಿಲು ಒಂದೇ, ಅಲ್ಲಿಗೆ ಹೋಗಲು ಜನಕ್ಕೆ ಹಿಂಜರಿಕೆ ಎಂದರ್ಥ. ಸಲಹೆಯ ಹಾಳೆಯಲ್ಲಿ ಹೆಚ್ಚು ಬಾಣ ಬೀಳುವುದು ಅನೇಕ ಕಡೆ ಕೃತಕ ಗರ್ಭಧಾರಣೆ ಕಾರ್ಯಕರ್ತನ ಮೇಲೆ, ಇಲ್ಲವೇ ಹಸುವಿನ ಬಗ್ಗೆ ಬಲ್ಲ ಒಬ್ಬ ಹಿರಿಯ ಹೆಂಗಸಿನ ಮೇಲೆ. ಮಂಡಳಿಯಲ್ಲಿ ಕುರ್ಚಿಯಿಲ್ಲದ ಇಂಥವರು ಎಲ್ಲ ಬೀದಿಯ ಕೊಟ್ಟಿಗೆಗೂ ಹೋಗಿ ಬರುವವರು. ಗುಂಪಿನ ಒಳಗಿನವರಿಂದಲೂ ಹೊರಗಿನವರಿಂದಲೂ ಬಾಣ ಬರುವ ಇಂಥವರಿಗೆ ಸೇತು ಎಂದು ಗುರುತು ಹಾಕಿ. ಯಾವ ಹಾಳೆಯಲ್ಲೂ ಯಾರನ್ನೂ ಹೆಸರಿಸದೆ "ನಂಗ್ಯಾರೂ ಹೇಳಲ್ಲ ಕಣಪ್ಪ" ಎಂದ ಮನೆಗಳಿಗೆ ಒಂದು ಸುತ್ತು ಹಾಕಿ. ನಿಮ್ಮ ಮುಂದಿನ ಕೆಲಸ ಹೆಚ್ಚಾಗಿ ಆ ಸುತ್ತು ಬಿದ್ದ ಮನೆಗಳಿಗಾಗಿ.

ಜಾತಿಯ ಮಾತು ಬಿಟ್ಟು ಇದನ್ನು ಬರೆಯಲಾಗದು. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿದ್ದು ಅಭ್ಯಾಸ ಮಾಡಿ, ಊರಿನಲ್ಲಿ ಯಾರ ಮಾತು ನಡೆಯುತ್ತದೆ ಎಂಬುದು ಮಡಿ ಮೈಲಿಗೆಯ ಏಣಿಯಿಂದ ಮಾತ್ರ ತೀರ್ಮಾನವಾಗುವುದಿಲ್ಲ, ಜನಸಂಖ್ಯೆ, ಭೂಮಿ, ರಾಜಕೀಯ ಬಲ ಸೇರಿ ತೀರ್ಮಾನವಾಗುತ್ತದೆ ಎಂದು ತೋರಿಸಿದರು; ಪ್ರಬಲ ಜಾತಿ ಎಂಬ ಮಾತು ಅಲ್ಲಿಂದ ಬಂತು. ಡೇರಿಯಲ್ಲಿ ಇದರ ಜೊತೆಗೆ ಹಾಲಿನ ಲೀಟರೂ ಸೇರುತ್ತದೆ. ಆದರೆ ಜಾತಿ ನೋಡಿ ಗುಂಪನ್ನು ಊಹಿಸಿಬಿಡಬೇಡಿ. ಒಂದೇ ಜಾತಿಯ ಎರಡು ವಂಶದ ನಡುವೆ ಜಮೀನಿನ ವ್ಯಾಜ್ಯವಿದ್ದು, ಸಂಘದಲ್ಲಿ ಅವರು ಎದುರು ಬದುರು ಕೂರುವುದುಂಟು. ಬೀದಿ, ನೆಂಟಸ್ತಿಕೆ, ಪಕ್ಷ, ಒಟ್ಟಿಗೆ ಕೊಳವೆಬಾವಿ ತೆಗೆಸಿದ ಪಾಲುದಾರಿಕೆ ಇವೆಲ್ಲ ಬಾಣಗಳಲ್ಲಿ ತಾನಾಗಿಯೇ ಕಾಣುತ್ತವೆ. ಬಾಣ ಎಳೆದ ಮೇಲೆ ಕಾರಣ ಹುಡುಕಿ.

4. ನಡವಳಿ ಪುಸ್ತಕದಲ್ಲಿ ಗುಂಪಿನ ಹೆಜ್ಜೆ

ಕಳೆದ ಎರಡು ವರ್ಷದ ನಡವಳಿ ಓದಿ. ನೋಟ್‌ಬುಕ್ಕಿನಲ್ಲಿ ಐದು ಅಂಕಣ ಹಾಕಿ: ದಿನಾಂಕ, ವಿಷಯ, ಸೂಚಿಸಿದವರು, ಅನುಮೋದಿಸಿದವರು, ಲಾಭ ಪಡೆದವರು. ಹದಿಮೂರು ಜನರ ಮಂಡಳಿಯಲ್ಲಿ ಸೂಚಕರು ಅನುಮೋದಕರು ಯಾವಾಗಲೂ ಅದೇ ನಾಲ್ಕು ಹೆಸರಾದರೆ ನಿಮಗೆ ನಕ್ಷೆಯೇ ಬೇಕಿಲ್ಲ.

ತಿಳುವಳಿಕೆ ಪತ್ರದ ಕೊನೆಯಲ್ಲಿ "ಮಾನ್ಯ ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರೆ ವಿಷಯಗಳು" ಎಂದು ಒಂದು ಸಾಲು ಇರುತ್ತದಲ್ಲ, ಅದರ ಕೆಳಗೆ ಏನೇನು ತೀರ್ಮಾನವಾಗಿದೆ ಎಂದು ಬೇರೆಯಾಗಿ ಪಟ್ಟಿ ಮಾಡಿ. ತುರ್ತು ರಿಪೇರಿ, ಸಾಂತ್ವನದ ಠರಾವು ಇದ್ದರೆ ಸರಿ. ಕಟ್ಟಡದ ಕೆಲಸ, ಹೊಸ ಯಂತ್ರದ ಖರೀದಿ, ನೌಕರರ ನೇಮಕ ಅಲ್ಲಿ ಬಂದಿದ್ದರೆ ಅದು ಮುಂಚೆ ಗೊತ್ತಾಗಬಾರದೆಂದೇ ಅಲ್ಲಿಗೆ ಬಂದದ್ದು ಎಂದು ತಿಳಿಯಬಹುದು.

ಇನ್ನೊಂದು ಸಂಗತಿಯನ್ನು ಹತ್ತಿರದಿಂದ ನೋಡಿ: ಕೊನೆಯ ಠರಾವಿಗೂ ಸಹಿಗಳಿಗೂ ನಡುವೆ ಖಾಲಿ ಜಾಗ ಬಿಟ್ಟಿದೆಯೇ? ಸಹಿಗಳು ಬೇರೆ ಬೇರೆ ಪೆನ್ನಿನಲ್ಲಿ, ಒಂದರ ಮೇಲೊಂದು ಒತ್ತಿಕೊಂಡಿವೆಯೇ? ಸಭೆಗೆ ಕೋರಂ ಆಗದ ದಿನ ಪುಸ್ತಕ ಬೈಕಿನಲ್ಲಿ ಮನೆಮನೆಗೆ ಹೋಗುತ್ತದೆ. ಕೊಟ್ಟಿಗೆಯಲ್ಲಿ ಕೈ ಒರೆಸಿಕೊಂಡು ಜನ ಸಹಿ ಹಾಕುತ್ತಾರೆ, ಏನು ಬರೆದಿದೆ ಎಂದು ಓದುವುದಿಲ್ಲ. ನಿಮ್ಮ ಮನೆಗೂ ಬರುತ್ತದೆ. ಆಗ ಜಗಳ ಬೇಡ. "ಕೂತ್ಕೊಳ್ಳಿ, ಕಾಫಿ ಕುಡೀರಿ, ಓದಿ ಹಾಕ್ತೀನಿ" ಎಂದು ಪೂರ್ತಿ ಓದಿ. ಖಾಲಿ ಜಾಗವಿದ್ದರೆ ಅಡ್ಡಗೆರೆ ಎಳೆಯಲು ಹೇಳಿ. ಸಭೆಗೆ ನೀವು ಹೋಗಿರದಿದ್ದರೆ ಹಾಜರಿಯ ಸಹಿ ಹಾಕಲೇಬೇಡಿ. ಹೋಗಿದ್ದು ಒಪ್ಪಿಗೆಯಿಲ್ಲದಿದ್ದರೆ ಯಾವ ಠರಾವಿಗೆ ಒಪ್ಪಿಗೆಯಿಲ್ಲ ಎಂದು ನಡವಳಿಯಲ್ಲೇ ಬರೆಸಿ ಸಹಿ ಮಾಡಿ. ಸಂಘಕ್ಕೆ ನಷ್ಟವಾದರೆ ಕಾರಣರಾದವರಿಂದ ವಸೂಲು ಮಾಡಲು ಅಧಿನಿಯಮದ ಕಲಂ 69ರಲ್ಲಿ ಅವಕಾಶವಿದೆ. ಆ ದಿನ "ನಂಗೆ ಗೊತ್ತಿರ್ಲಿಲ್ಲ, ಸೈನ್ ಹಾಕು ಅಂದ್ರು ಹಾಕ್ದೆ" ಎಂಬ ಮಾತು ನಿಮ್ಮನ್ನು ಕಾಪಾಡುವುದಿಲ್ಲ.

ಕೊನೆಯದಾಗಿ, ಸಹಾಯಧನದಲ್ಲಿ ಬಂದ ಮೇವು ಕತ್ತರಿಸುವ ಯಂತ್ರ, ಹಾಲು ಕರೆಯುವ ಯಂತ್ರ, ರಬ್ಬರ್ ಮ್ಯಾಟು, ತರಬೇತಿ ಪ್ರವಾಸ ಇವುಗಳ ಫಲಾನುಭವಿ ಪಟ್ಟಿಯನ್ನು ಸುದ್ದಿಯ ನಕ್ಷೆಯ ಪಕ್ಕದಲ್ಲಿಡಿ. ಸುತ್ತು ಬಿದ್ದ ಮನೆಗಳಲ್ಲಿ ಒಂದಾದರೂ ಪಟ್ಟಿಯಲ್ಲಿದೆಯೇ ನೋಡಿ.

5. ಕೆಡುಕು ಯಾವುದು, ಆಸರೆ ಯಾವುದು

ಇಲ್ಲಿ ನಿಧಾನವಾಗಿ ಯೋಚಿಸಬೇಕು. ಗುಂಪು ಇದೆ ಎಂದ ಮಾತ್ರಕ್ಕೆ ಅದು ಕೆಟ್ಟದ್ದಲ್ಲ. ಮಳೆಗಾಲದಲ್ಲಿ ಕರೆಂಟು ಹೋಗಿ ಬಿಎಂಸಿ (ಹಾಲು ತಣ್ಣಗಿಡುವ ದೊಡ್ಡ ತೊಟ್ಟಿ) ನಿಂತಾಗ ರಾತ್ರಿ ಹನ್ನೊಂದಕ್ಕೆ ಡೀಸೆಲ್ ತರುವವರು ಅದೇ ನಾಲ್ಕು ಜನ. ಸತ್ತ ಹಸುವಿನ ವಿಮೆ ಕಾಗದಕ್ಕೆ ವೈದ್ಯರನ್ನು ಕರೆತರುವವರೂ ಅವರೇ. ಹೊಸಬರು ಇದನ್ನು ಕಾಣದೆ ಅವರನ್ನೆಲ್ಲ ಒಟ್ಟಿಗೆ ಕಳ್ಳರೆಂದು ಕರೆದರೆ ಊರು ಅವರ ಕಡೆಗೇ ನಿಲ್ಲುತ್ತದೆ, ನಿಲ್ಲುವುದು ನ್ಯಾಯವೂ ಹೌದು.

ಗುಂಪು ತನ್ನವರನ್ನು ಹೇಗೆ ಹಿಡಿತದಲ್ಲಿಟ್ಟುಕೊಳ್ಳುತ್ತದೆ ಎಂಬುದಕ್ಕೆ ಹಳೆಯ, ಗಟ್ಟಿಯಾದ ಉದಾಹರಣೆ ಷಿಕಾಗೋ ಹತ್ತಿರದ ವೆಸ್ಟರ್ನ್ ಎಲೆಕ್ಟ್ರಿಕ್ ಕಾರ್ಖಾನೆಯದು. 1931–32ರಲ್ಲಿ ಅಲ್ಲಿ ಟೆಲಿಫೋನ್ ಸಲಕರಣೆಗೆ ತಂತಿ ಜೋಡಿಸುವ ಹದಿನಾಲ್ಕು ಕೆಲಸಗಾರರನ್ನು ಒಂದು ಕೋಣೆಯಲ್ಲಿಟ್ಟು ತಿಂಗಳುಗಟ್ಟಲೆ ಗಮನಿಸಿದರು. ಅಷ್ಟೇ ಜನರಲ್ಲಿ ಎರಡು ಗುಂಪಾಗಿತ್ತು. ಬರೆಯದ ನಿಯಮ ನಾಲ್ಕು: ತೀರಾ ಹೆಚ್ಚು ಕೆಲಸ ಮಾಡಬಾರದು, ತೀರಾ ಕಡಿಮೆಯೂ ಮಾಡಬಾರದು, ಜೊತೆಯವನ ಮೇಲೆ ಮೇಲಿನವರಿಗೆ ಚಾಡಿ ಹೇಳಬಾರದು, ಅಧಿಕಾರ ಚಲಾಯಿಸಬಾರದು. ಮೀರಿದವನಿಗೆ ಅಡ್ಡಹೆಸರು, ತೋಳಿಗೊಂದು ಗುದ್ದು. ಹೆಚ್ಚು ಕೆಲಸ ಮಾಡಿದರೆ ಹೆಚ್ಚು ಕೂಲಿ ಸಿಗುವಂತಿದ್ದರೂ ದಿನದ ಕೆಲಸ ಗುಂಪು ನಿಗದಿ ಮಾಡಿದಷ್ಟರಲ್ಲೇ ನಿಲ್ಲುತ್ತಿತ್ತು.

ಹೊಸ ಹಾಲು ಪರೀಕ್ಷಕ ಎಲ್ಲರ ಹಾಲಿಗೂ ಒಂದೇ ತರಹ ಲ್ಯಾಕ್ಟೋಮೀಟರ್ ಬಿಟ್ಟಾಗ "ಇವ್ನೇನು ಸಾಹೇಬ್ನ?" ಎಂಬ ಮಾತು ಏಕೆ ಬರುತ್ತದೆ ಎಂದು ಈಗ ಗೊತ್ತಾಯಿತಲ್ಲ. ಅವನು ಕಷ್ಟದಲ್ಲಿರುವುದು ಅಪ್ರಾಮಾಣಿಕರ ನಡುವೆ ಇರುವುದರಿಂದ ಎನ್ನುವುದಕ್ಕಿಂತ, ಬರೆಯದ ನಿಯಮ ಮುರಿದದ್ದರಿಂದ. ಅವನನ್ನು ಒಂಟಿಯಾಗಿ ಬಿಡಬೇಡಿ. "ಹಿಂಗೇ ಮಾಡು ಅಂತ ಮಂಡಳಿಯೇ ಹೇಳಿದೆ" ಎನ್ನಲು ಅವನ ಕೈಗೆ ಒಂದು ಠರಾವು ಕೊಡಿಸಿ. ಆಗ ಸಿಟ್ಟು ಕಾಗದದ ಮೇಲೆ ಹೋಗುತ್ತದೆ.

ಯಾವುದನ್ನು ಮುಟ್ಟಬೇಕು ಎಂದು ತೀರ್ಮಾನಿಸಲು ಎರಡೇ ಪ್ರಶ್ನೆ. ಗುಂಪಿನ ಹೊರಗಿನವರಿಗೆ ಮಾಹಿತಿ ತಡವಾಗಿ ಸಿಕ್ಕು ಅವರಿಗೆ ನಷ್ಟವಾಗಿದೆಯೇ? ಸರದಿ ತಪ್ಪಿದೆಯೇ? ಎರಡಕ್ಕೂ ಇಲ್ಲ ಎಂದಾದರೆ ಅವರು ಒಟ್ಟಿಗೆ ಕೂತು ಕಾಫಿ ಕುಡಿಯುವುದು ನಿಮ್ಮ ವಿಷಯವಲ್ಲ.

6. ಬಾಗಿಲು ತೆರೆಯುವ ನಾಲ್ಕು ಕೆಲಸ

ಒಂದೊಂದಾಗಿ ಮಾಡಿ, ಸಭೆಗೊಂದರಂತೆ. ನಾಲ್ಕನ್ನೂ ಒಮ್ಮೆಗೇ ತಂದರೆ ನಾಲ್ಕೂ ಬಿದ್ದುಹೋಗುತ್ತವೆ.

ಮೊದಲು ಸೂಚನಾ ಫಲಕ. ಇದಕ್ಕೆ ಯಾರೂ ವಿರೋಧ ಹೇಳುವುದಿಲ್ಲ, ಆದ್ದರಿಂದ ಇದರಿಂದಲೇ ಶುರು ಮಾಡಿ. ಹಾಲು ಅಳೆಯುವ ಜಾಗದಲ್ಲಿ ಎದೆಯೆತ್ತರಕ್ಕೆ, ಸಾಲಿನಲ್ಲಿ ನಿಂತವರಿಗೆ ಓದಲಾಗುವ ಹಾಗೆ. ಕಚೇರಿ ಕೋಣೆಯ ಒಳಗೋಡೆಗೆ ಹಾಕಿದರೆ ಹಾಕಿಯೂ ಪ್ರಯೋಜನವಿಲ್ಲ. ಒಕ್ಕೂಟದಿಂದ ಬಂದ ಸುತ್ತೋಲೆ, ದರಪಟ್ಟಿ, ಬಟವಾಡೆಯ ದಿನ, ಮುಂದಿನ ಸಭೆಯ ವಿಷಯಗಳು ಇಷ್ಟು ಅಲ್ಲಿರಲಿ. ಓದು ಬಾರದವರಿಗೆ ಸುದ್ದಿ ಮುಟ್ಟಿಸುವ ಕೆಲಸವನ್ನು ನಿಮ್ಮ ನಕ್ಷೆಯಲ್ಲಿ ಸೇತು ಎಂದು ಗುರುತಾದವರಿಗೆ ಹೇಳಿ.

ಎರಡನೆಯದು ವಿಷಯಸೂಚಿ ಮುಂಚೆಯೇ ಕೈಸೇರುವುದು. ಮೂರನೆಯದು, ಸಭೆ ಮುಗಿಯುವ ಮುಂಚೆ ನಡವಳಿಯನ್ನು ಗಟ್ಟಿಯಾಗಿ ಓದಿ ಅಲ್ಲೇ ಸಹಿ ಹಾಕುವುದು. ಕಾರ್ಯದರ್ಶಿ "ಆಮೇಲೆ ನೀಟಾಗಿ ಬರೀತೀನಿ" ಎಂದರೆ ಠರಾವಿನ ಭಾಗವನ್ನಷ್ಟೇ ಆಗಲೇ ಬರೆಯಲು ಕೇಳಿ, ಎರಡು ಸಾಲಿನ ಕೆಲಸ.

ನಾಲ್ಕನೆಯದು ಸರದಿ ರಿಜಿಸ್ಟರು, ಎಲ್ಲಕ್ಕಿಂತ ಕಷ್ಟದ್ದು. ಠರಾವನ್ನು ಹೀಗೆ ಬರೆಸಬಹುದು:

"ಸಂಘದ ಮೂಲಕ ಬರುವ ಸಹಾಯಧನದ ಸಲಕರಣೆಗಳ ಬಗ್ಗೆ ಸೂಚನಾ ಫಲಕದಲ್ಲಿ ಕನಿಷ್ಠ 7 ದಿನ ಪ್ರಕಟಿಸುವುದು, ಬಂದ ಅರ್ಜಿಗಳನ್ನು ದಿನಾಂಕವಾರು ರಿಜಿಸ್ಟರಿನಲ್ಲಿ ನಮೂದಿಸುವುದು, ಕಳೆದ 3 ವರ್ಷಗಳಲ್ಲಿ ಸವಲತ್ತು ಪಡೆಯದ ಸದಸ್ಯರಿಗೆ ಮೊದಲ ಆದ್ಯತೆ ಕೊಡುವುದು, ಅರ್ಹ ಅರ್ಜಿಗಳು ಹೆಚ್ಚಾದಲ್ಲಿ ಸಭೆಯಲ್ಲಿಯೇ ಚೀಟಿ ಎತ್ತುವುದು ಎಂದು ತೀರ್ಮಾನಿಸಲಾಯಿತು."

ಯೋಜನೆಯಲ್ಲೇ ಮೀಸಲು ಅಥವಾ ಅರ್ಹತೆ ನಿಗದಿಯಾಗಿದ್ದರೆ ಅದನ್ನು ಮೀರಲಾಗದು. ಉಳಿದದ್ದಕ್ಕೆ ಈ ಕ್ರಮ.

ಸಭೆಗೆ ತರುವ ಮುಂಚೆ ಗುಂಪಿನಲ್ಲಿ ಎಲ್ಲರೂ ಯಾರ ಮುಖ ನೋಡುತ್ತಾರೋ ಅವರ ಮನೆಗೆ ಹೋಗಿ ಮಾತಾಡಿ. ಇದು ಶರಣಾಗತಿ ಅಲ್ಲ. ಜನರ ಮುಂದೆ ಹಠಾತ್ತನೆ ಕೇಳಿದರೆ ಒಪ್ಪಬೇಕೆಂದಿದ್ದವರೂ ಮರ್ಯಾದೆಗೆ ಅಂಜಿ ಬೇಡ ಎಂದುಬಿಡುತ್ತಾರೆ. "ಯಜಮಾನ್ರೇ, ಸರದಿ ಬರೆದಿಟ್ರೆ ನಿಮ್ಮ ಮನೆ ಬಾಗ್ಲಿಗೆ ಬಂದು ಕಾಡೋರು ಕಡಿಮೆ ಆಗ್ತಾರೆ" ಎಂದು ಹೇಳಿ ನೋಡಿ. ಅದು ನಿಜ ಕೂಡ. ಸಭೆಯಲ್ಲಿ ಅವರೇ ಸೂಚಿಸಲಿ, ನೀವು ಅನುಮೋದಿಸಿ. ಹೆಸರು ಯಾರಿಗೆ ಬಂದರೇನು, ರಿಜಿಸ್ಟರು ಉಳಿಯಬೇಕು.

ಈ ಹಂತದಲ್ಲಿ ದೊಡ್ಡ ಬಲೆ ಒಂದಿದೆ. ನಿಮಗೊಂದು ಉಪಕಾರ ಬರುತ್ತದೆ: ನಿಮ್ಮ ತಮ್ಮನಿಗೆ ಸಹಾಯಕನ ಕೆಲಸ, ಇಲ್ಲವೇ ಈ ಸಲದ ಯಂತ್ರ ನಿಮ್ಮ ಮನೆಗೆ. ತೆಗೆದುಕೊಂಡ ದಿನದಿಂದ ನೀವೂ ಗುಂಪಿನವರು. ನಿರ್ದೇಶಕರಾಗಿರುವಷ್ಟು ಕಾಲ ಸರದಿಯಲ್ಲಿ ನಿಮ್ಮ ಮನೆಯ ಹೆಸರು ಕೊನೆಯಲ್ಲಿರಲಿ.

7. ಮಹಿಳಾ ಸಂಘಗಳು ಮತ್ತು ಮೀಸಲು ಸ್ಥಾನದವರು

ಮಹಿಳಾ ಹಾಲು ಉತ್ಪಾದಕರ ಸಂಘಗಳಲ್ಲಿ ಕಾಣದ ಗುಂಪು ಕೆಲವೊಮ್ಮೆ ಗಂಡಂದಿರದು. ಸಭೆ ಹೆಂಗಸರದು, ತೀರ್ಮಾನ ಬೈಕಿನ ಮೇಲೆ ಕಾಯುತ್ತ ಕೂತವರದು. ಬಾಗಿಲಾಚೆ ಹೋಗಿ ಎಂದರೆ ಮನೆಯಲ್ಲಿ ರಗಳೆ. ಅದರ ಬದಲು ಸಭೆಯ ಹೊತ್ತು ಬದಲಿಸಿ: ಮಧ್ಯಾಹ್ನದ ಅಡುಗೆ ಮುಗಿದು ಸಂಜೆ ಹಾಲು ಕರೆಯುವ ಮುಂಚಿನ ಹೊತ್ತು ಹೆಂಗಸರಿಗೆ ಬಿಡುವು, ಗಂಡಸರಿಗೆ ಹೊಲ. ಸಭೆಯ ಜಾಗವೂ ಮುಖ್ಯ. ಪರಿಶಿಷ್ಟ ಜಾತಿಯ ನಿರ್ದೇಶಕರು ಒಳಗೆ ಬಂದು ಕುರ್ಚಿಯಲ್ಲಿ ಕೂರಲು ಮುಜುಗರಪಡುವ ಜಾಗದಲ್ಲಿ, ಯಾರದೋ ಮನೆಯ ಜಗಲಿಯಲ್ಲಿ, ಸಭೆ ನಡೆಯಬಾರದು. ಸಂಘದ ಕಟ್ಟಡದಲ್ಲೇ ನಡೆಯಲಿ, ಎಲ್ಲರಿಗೂ ಒಂದೇ ತರಹದ ಕುರ್ಚಿ, ಒಂದೇ ತರಹದ ಲೋಟ. ಹೇಳಲು ಸಣ್ಣ ವಿಷಯ, ಆದರೆ ಯಾರು ಬಾಯಿಬಿಡುತ್ತಾರೆ ಎಂಬುದು ಅಲ್ಲೇ ತೀರ್ಮಾನವಾಗುತ್ತದೆ.

ಸುಮ್ಮನೆ ಕೂರುವವರಿಗೆ "ನೀವೂ ಮಾತಾಡಿ" ಎಂದರೆ ಇನ್ನೂ ಕುಗ್ಗುತ್ತಾರೆ. ಅವರಿಗೆ ಗೊತ್ತಿರುವ ಸಂಗತಿಯನ್ನೇ ಕೇಳಿ: "ಅಕ್ಕ, ನಿಮ್ಮ ಬೀದೀಲಿ ಎಷ್ಟು ಮನೆಗೆ ಲಸಿಕೆ ಹಾಕಿಲ್ಲ?"

8. ಎದುರೇಟು ಬಂದಾಗ

ಬರುತ್ತದೆ. ನಿಮಗೆ ಸಭೆಯ ತಿಳುವಳಿಕೆ ಪತ್ರ ಬರುವುದಿಲ್ಲ, ಇಲ್ಲವೇ ಸಭೆಯ ದಿನವೇ ಬರುತ್ತದೆ. ಪಡೆದ ದಿನಾಂಕವನ್ನು ಸಹಿಯ ಪಕ್ಕದಲ್ಲೇ ಬರೆಯಿರಿ. ಅಡ್ಡಹೆಸರು ಹುಟ್ಟುತ್ತದೆ, ಕಿವಿಗೆ ಹಾಕಿಕೊಳ್ಳಬೇಡಿ. ನಿಮ್ಮ ಹಾಲಿಗೆ ಇದ್ದಕ್ಕಿದ್ದಂತೆ ಡಿಗ್ರಿ ಕಡಿಮೆ ಬರಬಹುದು. ನಾಲ್ಕೈದು ದಿನದ ಚೀಟಿ ಒಟ್ಟುಮಾಡಿ, ನಿಮ್ಮೆದುರೇ ಮತ್ತೊಮ್ಮೆ ಪರೀಕ್ಷಿಸಲು ಕೇಳಿ, ಆಗಲೂ ಅನುಮಾನವಿದ್ದರೆ ಒಕ್ಕೂಟದ ವಿಸ್ತರಣಾಧಿಕಾರಿ ಬಂದ ದಿನ ಅವರ ಮುಂದೆ ಮಾಡಿಸಿ. ಮಾತು ನೆಂಟರ ಮೂಲಕವೂ ಬರುತ್ತದೆ, ಮಾವನ ಮನೆಯವರಿಂದ "ಯಾಕಪ್ಪ ಬೇಕು ನಿಂಗೆ" ಎಂದು. ಅವರಿಗೆ ಒಂದೇ ಉತ್ತರ ಸಾಕು: ಯಾರ ಮೇಲೂ ದೂರು ಕೊಟ್ಟಿಲ್ಲ, ಸರದಿ ಬರೆದಿಡಿ ಅಂದಿದ್ದೀನಿ ಅಷ್ಟೇ.

ಈ ಹೊತ್ತಿನಲ್ಲಿ ಸಿಟ್ಟಿಗೆ ನಿಮ್ಮದೇ ಗುಂಪು ಕಟ್ಟಿ ರಾತ್ರಿ ಬೇರೆ ಕಡೆ ಸಭೆ ಸೇರುವ ಆಸೆ ಬರುತ್ತದೆ. ಬೇಡ. ನಾಳೆ ನಿಮ್ಮ ಕಾಣದ ಗುಂಪಿನ ಬಗ್ಗೆ ಇನ್ನೊಬ್ಬರು ಇದೇ ಪ್ರಶ್ನೆ ಕೇಳುವಂತಾಗುತ್ತದೆ.

9. ಹೊರಗೆ ಹೋಗಲೇಬೇಕಾದರೆ

ಹಣ ದುರುಪಯೋಗವಾಗಿದೆ ಎಂದು ದಾಖಲೆ ಹೇಳಿದಾಗ ಮಾತ್ರ. ಮನಸ್ತಾಪಕ್ಕೆ ಇಲಾಖೆಗೆ ಹೋಗಬೇಡಿ. ಕ್ರಮ ಹೀಗಿರಲಿ: ಮೊದಲು ಅಧ್ಯಕ್ಷರಿಗೆ ಲಿಖಿತ ಪತ್ರ, ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿ ಸಹಿ ಮತ್ತು ಮೊಹರು. ತೆಗೆದುಕೊಳ್ಳದಿದ್ದರೆ ಸ್ಪೀಡ್ ಪೋಸ್ಟ್ (ರಿಜಿಸ್ಟರ್ಡ್ ಅಂಚೆ ಈಗ ಅದರಲ್ಲೇ ಸೇರಿದೆ). ಆಮೇಲೆ ವಾರ್ಷಿಕ ಮಹಾಸಭೆ. ಲೆಕ್ಕದ ವರ್ಷ ಮಾರ್ಚ್ 31ಕ್ಕೆ ಮುಗಿದು ಮಹಾಸಭೆ ಸಾಮಾನ್ಯವಾಗಿ ಸೆಪ್ಟೆಂಬರ್ ಒಳಗೆ ನಡೆಯುತ್ತದೆ, ಪ್ರಶ್ನೆಯನ್ನು ಮುಂಚಿತವಾಗಿ ಬರೆದು ಕೊಡಿ. ಅದೂ ಆಗದಿದ್ದರೆ ನಿಮ್ಮ ಉಪವಿಭಾಗದ ಸಹಕಾರ ಸಂಘಗಳ ಸಹಾಯಕ ನಿಬಂಧಕರ ಕಚೇರಿ. ಅಧಿನಿಯಮದ ಕಲಂ 64 ವಿಚಾರಣೆಗೆ, 65 ಪುಸ್ತಕಗಳ ತಪಾಸಣೆಗೆ, 70 ವ್ಯಾಜ್ಯಗಳಿಗೆ. ಯಾವ ಕಲಂ ಎಂದು ಅರ್ಜಿಯಲ್ಲಿ ಬರೆದು, ದಿನಾಂಕ, ಠರಾವಿನ ಸಂಖ್ಯೆ, ಮೊತ್ತ ಇಷ್ಟನ್ನೇ ಹೇಳಿ. ಯಾರು ಯಾರ ನೆಂಟ ಎಂಬ ವಿವರಣೆ ಅರ್ಜಿಯ ತೂಕ ಕಡಿಮೆ ಮಾಡುತ್ತದೆ.

ಮಾಹಿತಿ ಹಕ್ಕಿನ ಬಗ್ಗೆ ಬಹಳ ಜನ ಕೇಳುತ್ತಾರೆ. ಸಹಕಾರ ಸಂಘಗಳು ತಾವಾಗಿಯೇ ಸಾರ್ವಜನಿಕ ಪ್ರಾಧಿಕಾರ (ಮಾಹಿತಿ ಹಕ್ಕು ಕಾಯ್ದೆಯಡಿ ಮಾಹಿತಿ ಕೊಡಬೇಕಾದ ಸಂಸ್ಥೆ) ಆಗುವುದಿಲ್ಲ ಎಂದು ಸುಪ್ರೀಂ ಕೋರ್ಟು 2013ರಲ್ಲಿ ಕೇರಳದ ಸಹಕಾರ ಬ್ಯಾಂಕೊಂದರ ಪ್ರಕರಣದಲ್ಲಿ ಹೇಳಿದೆ. ಹಾಗಾಗಿ ಸಂಘದ ಕಾರ್ಯದರ್ಶಿಗೆ ಅರ್ಜಿ ಹಾಕಿ "ಬರೋದಿಲ್ಲ" ಅನ್ನಿಸಿಕೊಳ್ಳುವ ಬದಲು, ಸಹಕಾರ ಇಲಾಖೆಯ ಕಚೇರಿಯಲ್ಲಿ ಈಗಾಗಲೇ ಇರುವ ನಿಮ್ಮ ಸಂಘದ ಲೆಕ್ಕಪರಿಶೋಧನಾ ವರದಿ, ಬೈಲಾ ತಿದ್ದುಪಡಿ, ತಪಾಸಣಾ ವರದಿಗಳ ಪ್ರತಿಯನ್ನು ಆ ಕಚೇರಿಯ ಮಾಹಿತಿ ಅಧಿಕಾರಿಯಿಂದ ಕೇಳಿ. ಅರ್ಜಿ ಶುಲ್ಕ 10 ರೂಪಾಯಿ. ವರ್ಷವನ್ನೂ ದಾಖಲೆಯ ಹೆಸರನ್ನೂ ನಿಖರವಾಗಿ ಬರೆಯಿರಿ. "ಎಲ್ಲಾ ದಾಖಲೆ ಕೊಡಿ" ಎಂದು ಬರೆದ ಅರ್ಜಿ ಸುಲಭವಾಗಿ ವಾಪಸ್ ಬರುತ್ತದೆ. ಬಂದ ಪ್ರತಿಗಳನ್ನು ಸಂಘದ ಕಪಾಟಿನಲ್ಲಿ ಇಡಬೇಡಿ, ಮನೆಯಲ್ಲಿ ಬೇರೆ ಫೈಲಿನಲ್ಲಿ ಇಡಿ. ನಿಮ್ಮ ಅವಧಿ ಮುಗಿದ ದಿನ ಆ ಫೈಲಿನ ಒಂದು ಪ್ರತಿಯನ್ನು ನಿಮ್ಮ ಬದಲಿಗೆ ಬರುವವರ ಕೈಗೆ ಕೊಡಿ, ಅವರು ಯಾವ ಗುಂಪಿನವರೇ ಆಗಿರಲಿ.